ಗಾಜಿನ ಮನೆಯ ಆಚೆಗಿನ ಲಾಲ್‌ಬಾಗ್

ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಬಂದವರು ಗಾಜಿನ ಮನೆ ನೋಡಿ, ಬಂಡೆಯ ಮೇಲಿನ ಕೆಂಪೇಗೌಡ ಗೋಪುರದವರೆಗೆ ಹತ್ತಿ, ಲಾಲ್‌ಬಾಗ್ ನೋಡಿದ್ದಾಯಿತು ಎಂದುಕೊಳ್ಳುತ್ತಾರೆ. ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ 1889ರಲ್ಲಿ ಅಡಿಗಲ್ಲಿಟ್ಟ ಗಾಜಿನ ಮನೆ ಚೆಲುವಾದದ್ದೇ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯಂತೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೆ ಈ 240 ಎಕರೆಯ ನಿಜವಾದ ಹಿರಿಮೆ ಇರುವುದು ಬೇರೆ ಕಡೆ: ಹೊರನಾಡಿನ ಗಿಡ ನಮ್ಮ ಮಣ್ಣಿಗೆ, ನಮ್ಮ ಹವೆಗೆ ಒಗ್ಗುತ್ತದೆಯೇ ಎಂದು ಬೆಳೆಸಿ ನೋಡುವ ಕೆಲಸದಲ್ಲಿ.

1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟಕ್ಕೆ ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಬೀಜ, ಸಸಿ ತರಿಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಮೇಲ್ವಿಚಾರಕನಾಗಿ ಬಂದ ಜಾನ್ ಕ್ಯಾಮರಾನ್ ತೋಟವನ್ನು ವಿಸ್ತರಿಸಿದ್ದಲ್ಲದೆ ಸೀಮೆಬದನೆಕಾಯಿಯನ್ನು ಇಲ್ಲಿ ನೆಲೆಗೊಳಿಸಿದ. ಇಂದು ಹಳೇ ಮೈಸೂರಿನ ಮನೆಗಳಲ್ಲಿ ಅದು ಪಲ್ಯಕ್ಕೂ ಹುಳಿಗೂ ಎಷ್ಟು ಸಹಜವಾಗಿದೆಯೆಂದರೆ, ಅಮೆರಿಕ ಖಂಡದಿಂದ ಬಂದದ್ದೆಂದು ಯಾರೂ ನೆನೆಯುವುದಿಲ್ಲ. 1908ರಿಂದ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್, ಒಂದು ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಜಾತಿಗಳನ್ನು ಆರಿಸಿ ಬೆಂಗಳೂರಿನ ರಸ್ತೆಬದಿಗಳಲ್ಲಿ ನೆಡಿಸಿದರು. ಅವರ ನಂತರ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರಿಗೌಡ. ಮರಿಗೌಡರು ಕಸಿ ಗಿಡಗಳನ್ನೂ ತೋಟಗಾರಿಕೆಯ ತಿಳಿವಳಿಕೆಯನ್ನೂ ಜಿಲ್ಲೆ ಜಿಲ್ಲೆಯ ಸರ್ಕಾರಿ ತೋಟ, ನರ್ಸರಿಗಳ ಮೂಲಕ ರೈತರ ಹೊಲಕ್ಕೆ ಮುಟ್ಟಿಸಿದರು. ನನ್ನ ಮಟ್ಟಿಗೆ ಲಾಲ್‌ಬಾಗಿನ ಅತಿ ದೊಡ್ಡ ಸಾಧನೆ ಅದೇ.

ಹೊರಗಿನ ಗಿಡಗಳೇ ನಮ್ಮ ಕಾಡಿಗೆ ಮುಳುವಾಗಿವೆಯಲ್ಲ ಎಂಬ ಆಕ್ಷೇಪಕ್ಕೆ ಆಧಾರವಿದೆ. ಲಂಟಾನ ಪೊದೆ ಬಂಡೀಪುರದ ಕಾಡನ್ನು ಹೇಗೆ ಆವರಿಸಿದೆಯೆಂಬುದು ಕಣ್ಣೆದುರಿಗಿದೆ. ಆದರೆ ಆ ಅಪಾಯವೇ ಪರೀಕ್ಷಾ ತೋಟದ ಅಗತ್ಯವನ್ನು ಹೇಳುತ್ತದೆ. ಯಾವ ಗಿಡ ಅಂಕೆ ಮೀರಿ ಹಬ್ಬೀತು, ಯಾವುದು ಹದದಲ್ಲಿ ಉಳಿದೀತು ಎಂಬುದು ಬೇಲಿಯೊಳಗೆ ವರ್ಷಗಟ್ಟಲೆ ಕಾದು ನೋಡಿದರೆ ತಿಳಿಯುವ ಸಂಗತಿ. ಈಗ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವಾಗ ಲಾಲ್‌ಬಾಗ್ ಬರೀ ಉದ್ಯಾನವಾಗಿ ಉಳಿದರೆ ಸಾಲದೇ ಎಂದು ಕೇಳುವವರೂ ಇದ್ದಾರೆ. ಹೊಸ ತಳಿ ರೂಪಿಸುವುದು ಆ ಸಂಸ್ಥೆಯ ಕೆಲಸ, ಅದನ್ನು ಅದು ಚೆನ್ನಾಗಿಯೇ ಮಾಡುತ್ತಿದೆ. ಆದರೆ ನೂರು ವರ್ಷ ದಾಟಿದ ಒಂದು ಮರ ಎಷ್ಟು ಬರಗಳನ್ನು ತಾಳಿಕೊಂಡಿತು, ಬಿಸಿಯೇರಿದ ನಗರದಲ್ಲಿ ಹೂಬಿಡುವ ಕಾಲವನ್ನು ಬದಲಿಸಿತೇ ಎಂಬುದಕ್ಕೆ ಉತ್ತರ ಬೇಕಾದರೆ ಅಷ್ಟು ವಯಸ್ಸಿನ ಮರವೇ ಬೇಕು. ಲಾಲ್‌ಬಾಗಿನಲ್ಲಿ ಅಂಥವು ಇವೆ. ಹೂವಿನ ಪ್ರದರ್ಶನಕ್ಕೆ ಸಿಗುವ ಗಮನದಲ್ಲಿ ಒಂದಂಶವಾದರೂ ಈ ಮರಗಳ ದಾಖಲೆಗೆ ಸಿಗಬೇಕು: ಪ್ರತಿಯೊಂದು ಹಳೆಯ ಮರದ ಹೂ, ಕಾಯಿ, ರೋಗಗಳ ವಿವರ ವರ್ಷ ವರ್ಷವೂ ಸಾರ್ವಜನಿಕರಿಗೆ ಸಿಗುವಂತಾಗಬೇಕು, ಬಿದ್ದ ಮರದ ಜಾಗದಲ್ಲಿ ಅದರದೇ ಬೀಜದ ಸಸಿ ಏಳಬೇಕು.