ಕಪ್ಲರಿನೊಳಗಿನ ಕಲಾಯಿ

ವಾಹನದ ತಂತಿಯೊಂದನ್ನು ಇನ್ನೊಂದಕ್ಕೆ ಕೂಡಿಸುವ, ಬೇಕೆಂದಾಗ ಕಳಚಲು ಬರುವ ಪ್ಲಾಸ್ಟಿಕ್ ಕೊಂಡಿಯನ್ನು ಗ್ಯಾರೇಜುಗಳಲ್ಲಿ ಕಪ್ಲರ್ ಎಂದು ಕರೆಯುವ ರೂಢಿಯಿದೆ. ಅದರ ಒಂದು ಭಾಗದಲ್ಲಿರುವ ಪಿನ್ನು ಇನ್ನೊಂದು ಭಾಗದ ಟರ್ಮಿನಲಿನೊಳಗೆ ಹೊಕ್ಕು, ಅಲ್ಲಿನ ಪುಟ್ಟ ಸ್ಪ್ರಿಂಗಿನ ಒತ್ತಡದಲ್ಲಿ ನಿಲ್ಲುತ್ತದೆ. ನೋಡುವ ಕಣ್ಣಿಗೆ ಎರಡೂ ಲೋಹಗಳು ಪೂರ್ತಿಯಾಗಿ ಒಂದಕ್ಕೊಂದು ಅಂಟಿಕೊಂಡಂತೆ ಕಂಡರೂ, ಎಷ್ಟೇ ನಯವಾದ ಲೋಹದ ಮೈಯೂ ಸೂಕ್ಷ್ಮದರ್ಶಕದಡಿ ಗುಡ್ಡ ತಗ್ಗುಗಳ ನೆಲವೇ ಆಗಿರುವುದರಿಂದ, ಗುಡ್ಡದ ತುದಿಗಳು ಪರಸ್ಪರ ತಾಗಿದ ಕೆಲವೇ ಬಿಂದುಗಳ ಮೂಲಕ ವಿದ್ಯುತ್ತೆಲ್ಲ ಹಾದುಹೋಗಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ರಾಗ್ನರ್ ಹೋಮ್ ಎಂಬ ಭೌತವಿಜ್ಞಾನಿ ಈ ಸ್ಪರ್ಶಬಿಂದುಗಳನ್ನೇ ಅಧ್ಯಯನದ ವಸ್ತುವಾಗಿಸಿಕೊಂಡು, ಜೋಡಣೆಯಲ್ಲಿ ಹುಟ್ಟುವ ಹೆಚ್ಚುವರಿ ಅಡ್ಡಿಗೆ, ಅಂದರೆ ಸಂಪರ್ಕ ರೋಧಕ್ಕೆ, ಗಣಿತದ ರೂಪ ಕೊಟ್ಟನು.

ಟರ್ಮಿನಲ್‌ಗಳನ್ನು ಸಾಮಾನ್ಯವಾಗಿ ಹಿತ್ತಾಳೆ ಅಥವಾ ಬೇರೆ ತಾಮ್ರದ ಮಿಶ್ರಲೋಹದಿಂದ ಮಾಡಿ, ಮೇಲೆ ಕೆಲವೇ ಮೈಕ್ರೋಮೀಟರ್ ದಪ್ಪದ ತವರವನ್ನು ಲೇಪಿಸುತ್ತಾರೆ. ಹಿತ್ತಾಳೆ ಪಾತ್ರೆಯಲ್ಲಿ ಕಾಸಿದ ಸಾರು ಕಿಲುಬಿನಿಂದ ಕೆಡದಿರಲೆಂದು ಹಾಕಿಸುತ್ತಿದ್ದ ಕಲಾಯಿಯೂ ಇದೇ ತವರ. ಗಾಳಿ ತಾಗಿದೊಡನೆ ತವರದ ಮೇಲೆ ಆಕ್ಸೈಡಿನ ತೆಳುವಾದ, ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದ ಪೊರೆ ಮೂಡುತ್ತದೆ. ಆದರೆ ಪೊರೆ ಗಡುಸು, ಕೆಳಗಿನ ಲೋಹ ಮೆದು. ಕೆರೆಯಂಗಳದ ಹಸಿ ಕೆಸರಿನ ಮೇಲೆ ಒಣಗಿದ ಪದರವು ಕಾಲಿಟ್ಟೊಡನೆ ಬಿರಿದು ಕೆಸರು ಮೇಲೆ ಉಕ್ಕುವಂತೆ, ಪಿನ್ನು ಉಜ್ಜಿಕೊಂಡು ಒಳಹೋಗುವಾಗ ಪೊರೆ ಒಡೆದು ಶುದ್ಧ ತವರ ಶುದ್ಧ ತವರವನ್ನು ಮುಟ್ಟುತ್ತದೆ.

ಹೀಗೆ ಕೂಡಿದ ಜೋಡಣೆ ಅಲುಗಾಡದೆ ಇದ್ದಿದ್ದರೆ ಬಹುಕಾಲ ಬಾಳುತ್ತಿತ್ತು. ವಾಹನದಲ್ಲಿ ಅದಕ್ಕೆ ನಿಶ್ಚಲತೆಯೆಂಬುದೇ ಇಲ್ಲ. ಎಂಜಿನ್ನಿನ ನಡುಕ ಒಂದೆಡೆಯಾದರೆ, ಬಿಸಿಯಾದಾಗ ತಾಮ್ರಕ್ಕಿಂತ ಕಪ್ಲರಿನ ಪ್ಲಾಸ್ಟಿಕ್ ಹೆಚ್ಚು ಹಿಗ್ಗುವುದು ಇನ್ನೊಂದೆಡೆ. ಇವೆರಡರಿಂದ ಪಿನ್ನು ಹತ್ತಾರು ಮೈಕ್ರೋಮೀಟರುಗಳಷ್ಟು, ಎಂದರೆ ಕೂದಲಿನ ದಪ್ಪಕ್ಕಿಂತಲೂ ಕಡಿಮೆ ದೂರ, ಹಿಂದೆ ಮುಂದೆ ಜಾರುತ್ತಿರುತ್ತದೆ. ಪ್ರತಿ ಜಾರುವಿಕೆಯಲ್ಲೂ ಹೊಸ ತವರ ಗಾಳಿಗೆ ತೆರೆದುಕೊಂಡು ಆಕ್ಸೈಡಾಗುತ್ತದೆ, ಮರುಜಾರುವಿಕೆಯಲ್ಲಿ ಆ ಆಕ್ಸೈಡ್ ಕಳಚಿ ಪುಡಿಯಾಗುತ್ತದೆ, ಪುಡಿ ಸ್ಪರ್ಶಬಿಂದುಗಳ ನಡುವೆಯೇ ಸೇರುತ್ತ ಹೋಗುತ್ತದೆ. ನೀರಿನ ಹನಿಯೂ ಸೋಕದೆ ನಡೆಯುವ ಈ ಸವೆತವನ್ನು ಉಜ್ಜುಸವೆತ ಎನ್ನಬಹುದು. ಬರಿಗಣ್ಣಿಗೆ ಕಾಣುವುದು ಪಿನ್ನಿನ ಮೇಲಿನ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕೆ ಮಾತ್ರ. ಆದರೆ ಅಲ್ಲಿನ ರೋಧವು ಓಮಿನ ಸಾವಿರದ ಕೆಲವು ಭಾಗಗಳಿಂದ ಪೂರ್ಣ ಓಮಿನವರೆಗೂ ಏರಿರಬಹುದು.

ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ನಡೆಯುವ ಒಂದು ತಪ್ಪುತೀರ್ಮಾನದ ಮೂಲ ಇಲ್ಲೇ ಇದೆ. ಸೆನ್ಸರುಗಳ ಸಂಕೇತ ಬಹಳ ದುರ್ಬಲ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಒಂದು ವೋಲ್ಟಿಗೂ ಕಡಿಮೆ ಒತ್ತಡದಲ್ಲಿ ಮಾತಾಡುತ್ತದೆ. ಹೆಚ್ಚು ವೋಲ್ಟೇಜ್ ಆಕ್ಸೈಡಿನ ಪೊರೆಯನ್ನು ಭೇದಿಸಿ ದಾರಿ ಮಾಡಿಕೊಂಡೀತು, ಇಷ್ಟು ಸಣ್ಣದಕ್ಕೆ ಆ ಶಕ್ತಿಯಿಲ್ಲ. ಏರ್‌ಬ್ಯಾಗಿನಂಥ ಜೀವರಕ್ಷಕ ಮಂಡಲಗಳ ಟರ್ಮಿನಲ್‌ಗಳಿಗೆ ಆಕ್ಸೈಡೇ ಆಗದ ಚಿನ್ನದ ಲೇಪವನ್ನು ಬಳಸುವುದು ಈ ಕಾರಣಕ್ಕೆ. ತವರದ ಕಪ್ಲರಿನಲ್ಲಿ ದೋಷವಿದ್ದಾಗ ಸೆನ್ಸರನ್ನು ಬಿಚ್ಚಿ ಹೊಸದನ್ನು ಹಾಕಿದರೆ ದೋಷ ಮಾಯವಾಗುತ್ತದೆ. ಆದರೆ ಅದನ್ನು ಮಾಯ ಮಾಡಿದ್ದು ಹೊಸ ಸೆನ್ಸರಲ್ಲ, ಬಿಚ್ಚಿ ಕೂಡಿಸುವಾಗಿನ ಉಜ್ಜುವಿಕೆ. ನಿರಪರಾಧಿಯಾದ ಬಿಡಿಭಾಗ ಕಸಕ್ಕೆ ಸೇರುತ್ತದೆ, ಮಾಲೀಕನ ಹಣ ಹೋಗುತ್ತದೆ, ಕೆಲವು ತಿಂಗಳಲ್ಲಿ ಅದೇ ದೋಷ ಮರಳುತ್ತದೆ.

ಹೆಚ್ಚು ವಿದ್ಯುತ್ ಹರಿಯುವಲ್ಲಿ ಇದೇ ರೋಧ ಬೆಂಕಿಯ ಸ್ವರೂಪ ತಾಳುತ್ತದೆ. 60 ವ್ಯಾಟಿನ ಹ್ಯಾಲೋಜನ್ ಹೆಡ್‌ಲೈಟ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವುದರಿಂದ, ಕಪ್ಲರಿನಲ್ಲಿ 0.2 ಓಮ್ ರೋಧವಿದ್ದರೆ ಹತ್ತಿರ ಹತ್ತಿರ 1 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ವೋಲ್ಟೇಜ್ ಇಳಿದದ್ದಕ್ಕಿಂತ ಬಹಳ ವೇಗವಾಗಿ ಇಂಥ ಬಲ್ಬಿನ ಬೆಳಕು ಇಳಿಯುವುದರಿಂದ ಸುಮಾರು ಕಾಲು ಭಾಗ ಬೆಳಕೇ ಇಲ್ಲವಾಗುತ್ತದೆ. ಕಳೆದುಹೋದ 4–5 ವ್ಯಾಟ್ ಶಾಖವು ಸಣ್ಣ ಟರ್ಮಿನಲಿನಲ್ಲಿ ಸೇರಿದಾಗ ಸ್ಪ್ರಿಂಗ್ ಬಿಗುವು ಕಳೆದುಕೊಳ್ಳುತ್ತದೆ, ಒತ್ತಡ ತಗ್ಗಿ ರೋಧ ಇನ್ನಷ್ಟು ಏರುತ್ತದೆ. ಹೆಡ್‌ಲೈಟ್ ಕಪ್ಲರಿನ ಒಂದೇ ಒಂದು ಕಿಂಡಿಯ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿರುವುದು ಈ ಸುರುಳಿಯ ಕೊನೆಯ ಸುತ್ತಿನ ಗುರುತು.

ನೀರು, ಅದರಲ್ಲೂ ಉಪ್ಪು ಬೆರೆತ ನೀರು ಒಳಸೇರಿದರೆ ಕಥೆ ಬೇರೆ. ಅಡುಗೆಯುಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75ನ್ನು ದಾಟಿದಾಗ ತಾನಾಗಿಯೇ ತೇವ ಹೀರಿ ನೀರಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಆರ್ದ್ರತೆ ಈ ಮಿತಿಯನ್ನು ಮೀರುವುದು ಸಾಮಾನ್ಯವಾದ್ದರಿಂದ, ಅಲ್ಲಿ ಮಳೆಗೆ ನಿಲ್ಲಿಸದ ವಾಹನದ ಕಪ್ಲರೂ ಒಳಗೊಳಗೇ ತೊಯ್ಯಬಲ್ಲದು. ಅಕ್ಕಪಕ್ಕದ ಎರಡು ಪಿನ್ನುಗಳ ನಡುವೆ ಇಂಥ ಉಪ್ಪುನೀರು ನಿಂತರೆ ಅದು ಪುಟ್ಟ ವಿದ್ಯುದ್ವಿಭಜನೆಯ ತೊಟ್ಟಿಯಾಗಿ, ಸದಾ ಧನ ವೋಲ್ಟೇಜ್ ಇರುವ ಪಿನ್ನು ಕರಗುತ್ತ ಹಸಿರು ಕಿಲುಬಾಗುತ್ತದೆ. ನೀರು ಬರುವ ದಾರಿಗಳೂ ವಿಚಿತ್ರ. ಬಿಸಿಯಾದ ಕಪ್ಲರ್ ಹಠಾತ್ತನೆ ನೀರಿಗೆ ಸಿಕ್ಕಾಗ ಒಳಗಿನ ಗಾಳಿ ಕುಗ್ಗಿ, ಸಡಿಲವಾದ ರಬ್ಬರ್ ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತಂತಿಯ ಹೊದಿಕೆ ಎಲ್ಲೋ ಸೀಳಿದ್ದರೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಎಳೆಗಳ ಸಂದಿಯಲ್ಲೇ ನೀರು ಮುಂದೆ ಸಾಗುತ್ತದೆ. ಆದ್ದರಿಂದ ಸೂಜಿ ಚುಚ್ಚಿ ತಂತಿಯನ್ನು ಪರೀಕ್ಷಿಸುವ ಅಭ್ಯಾಸ ನಿಜಕ್ಕೂ ಹಾನಿಕರ.

ಕಪ್ಪಾದ ಪಿನ್ನನ್ನು ಉಪ್ಪುಕಾಗದದಿಂದ ತಿಕ್ಕುವುದು ಅದಕ್ಕಿಂತಲೂ ಹಾನಿಕರ. 400ನೆಯ ನಂಬರಿನ ಕಾಗದದ ಒಂದು ಹರಳೇ ಸುಮಾರು 35 ಮೈಕ್ರೋಮೀಟರ್ ಇರುವಾಗ, ಅದರ ಹತ್ತನೆಯ ಒಂದು ಭಾಗದಷ್ಟೂ ದಪ್ಪವಿಲ್ಲದ ಕಲಾಯಿ ಉಳಿಯುವುದು ಹೇಗೆ? ಪಾತ್ರೆಗೆ ಒಗ್ಗುವ ಹುಣಸೆಹುಳಿಯೂ ಇಲ್ಲಿ ಸಲ್ಲದು, ಸಂದಿಯಲ್ಲುಳಿದ ಆಮ್ಲ ಕೊರೆಯುತ್ತಲೇ ಇರುತ್ತದೆ. ಬ್ಯಾಟರಿಯ ಕಂಬಿ ತೆಗೆದು, ಎಲೆಕ್ಟ್ರಿಕಲ್ ಕಾಂಟ್ಯಾಕ್ಟುಗಳಿಗೆಂದೇ ದೊರೆಯುವ ಆವಿಯಾಗುವ ದ್ರವದಿಂದ ತೊಳೆದು, ಪೂರ್ತಿ ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರುವುದು ಸರಿಯಾದ ಕ್ರಮ. ಸಿಲಿಕೋನಿನಿಂದ ಮಾಡಿದ ಈ ಗ್ರೀಸ್ ವಿದ್ಯುದ್ವಾಹಕವಲ್ಲ, ಮತ್ತು ಆಗಬೇಕಾದ ಅಗತ್ಯವೂ ಇಲ್ಲ: ಸ್ಪ್ರಿಂಗಿನ ಒತ್ತಡಕ್ಕೆ ಸ್ಪರ್ಶಬಿಂದುಗಳಿಂದ ಅದು ಬದಿಗೆ ಸರಿಯುತ್ತದೆ, ಸುತ್ತಲಿನ ತಗ್ಗುಗಳಲ್ಲಿ ತುಂಬಿಕೊಂಡು ಗಾಳಿ ನೀರುಗಳನ್ನು ದೂರವಿಡುತ್ತದೆ. ಕಿಡಿ ಹಾರುವ ಸ್ವಿಚ್ಚು, ರಿಲೇಗಳ ಒಳಗೆ ಮಾತ್ರ ಇದನ್ನು ಬಳಸಬಾರದು, ಕಿಡಿಯ ಬಿಸಿಗೆ ಸಿಲಿಕೋನ್ ಮರಳಿನಂಥ ಅವಾಹಕ ಪುಡಿಯಾಗುತ್ತದೆ.

ದುರಸ್ತಿ ಫಲಿಸಿತೋ ಇಲ್ಲವೋ ಎಂಬುದನ್ನು ಮಲ್ಟಿಮೀಟರಿನ ಬೀಪ್ ಸದ್ದಿನಿಂದ ತಿಳಿಯಲಾಗದು. ಅದು ಕಳಿಸುವ ಅತ್ಯಲ್ಪ ವಿದ್ಯುತ್ತಿಗೆ ತಂತಿಯ ಒಂದೇ ಎಳೆ ಉಳಿದಿದ್ದರೂ ಸಾಕಾಗುತ್ತದೆ. ದೀಪವನ್ನು ಉರಿಯಬಿಟ್ಟು, ಮೀಟರನ್ನು ವೋಲ್ಟಿಗೆ ತಿರುಗಿಸಿ, ಅದರ ಎರಡು ಕಡ್ಡಿಗಳನ್ನು ಕಪ್ಲರಿನ ಎರಡು ಬದಿಗೆ ಹಿಂಭಾಗದಿಂದ ತಾಗಿಸಬೇಕು. ಆರೋಗ್ಯವಂತ ಜೋಡಣೆಯಲ್ಲಿ ಕಾಣುವುದು ಕೆಲವು ಮಿಲಿವೋಲ್ಟು. ಅರ್ಧ ವೋಲ್ಟ್ ಕಂಡರೆ ಬಲ್ಬಿಗೂ ಬ್ಯಾಟರಿಗೂ ಕೈಹಾಕುವ ಮೊದಲು ಆ ಕಪ್ಲರನ್ನು ಬಿಚ್ಚಿ ಒಳಗಿನ ಕಲಾಯಿಯನ್ನು ಬೆಳಕಿಗೆ ಹಿಡಿದು ನೋಡಬೇಕು.