ಮನೆಯ ಗಾಳಿಯ ಜಮಾ-ಖರ್ಚು

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಬಲ್ಲನು, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಗಾಳಿಯಿಲ್ಲದೆ ಕೆಲವು ನಿಮಿಷ ಬದುಕುವುದೂ ಕಷ್ಟ. ಆದರೂ ಅಕ್ಕಿಯನ್ನು ಆರಿಸಿ, ನೀರನ್ನು ಸೋಸಿ ಕುದಿಸಿ ಬಳಸುವ ಗೃಹಸ್ಥನು ಗಾಳಿಯ ವಿಷಯದಲ್ಲಿ ಮಾತ್ರ ಬಹುಕಾಲ ನಿಶ್ಚಿಂತನಾಗಿದ್ದನು. ಪುಕ್ಕಟೆಯಾಗಿ ದೊರೆಯುವ ವಸ್ತುವಿನ ಗುಣಪರೀಕ್ಷೆ ಮಾಡುವವರು ಯಾರು?

ವಿಲೆ ಪಾರ್ಲೆಯ ಹಳೆಯ ನಿವಾಸಿಗಳಿಗೆ ಗಾಳಿಯೆಂದೊಡನೆ ನೆನಪಾಗುವುದು ಬಿಸ್ಕತ್ತಿನ ಪರಿಮಳ. ಪಾರ್ಲೆ ಕಾರ್ಖಾನೆಯ ಒಲೆಗಳಿಂದ ಹೊರಟ ಆ ಕಂಪು ಲೋಕಲ್ ಗಾಡಿಯ ಪ್ರಯಾಣಿಕನಿಗೆ ನಿಲ್ದಾಣ ಸಮೀಪಿಸಿತೆಂದು ತಿಳಿಸುತ್ತಿತ್ತು. 2016ರಲ್ಲಿ ಅಲ್ಲಿಯ ಉತ್ಪಾದನೆ ನಿಂತುಹೋಯಿತು. ಇಂದು ಪಾರ್ಲೆಯ ಗಲ್ಲಿಗಲ್ಲಿಗಳಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದನ್ನು ಎಬ್ಬಿಸುವ ಪುನರ್ನಿರ್ಮಾಣದ ಧೂಳು ಏಳುತ್ತಿದೆ. ಅದರೊಡನೆ ಹೆದ್ದಾರಿಯ ವಾಹನಗಳ ಹೊಗೆ ಬೆರೆಯುತ್ತಿದೆ. ಕಿಟಕಿ ಮುಚ್ಚಿ ಹವಾನಿಯಂತ್ರಣ ಯಂತ್ರ ಹಾಕಿಕೊಳ್ಳುವುದು ಮಧ್ಯಮವರ್ಗದ ಮನೆಗಳಲ್ಲಿಯೂ ಈಗ ಸಾಮಾನ್ಯವಾಗಿದೆ.

ಯಂತ್ರ ಬಂದ ಮೇಲೆ ಅದರ ಹಿಂದೆಯೇ ಶುದ್ಧೀಕರಣದ ವ್ಯಾಪಾರವೂ ಬರುತ್ತದೆ. ಯಂತ್ರವನ್ನೂ ವಾಯುನಾಳಗಳನ್ನೂ ಆಮೂಲಾಗ್ರ ಶುದ್ಧಮಾಡಿಸಿದರೆ ಆಸ್ತಮಾ, ಅಲರ್ಜಿ, ಕೆಮ್ಮು ದೂರವಾಗುವುವೆಂಬ ಭರವಸೆ ಜಾಹೀರಾತುಗಳಲ್ಲಿ ಧಾರಾಳವಾಗಿರುತ್ತದೆ. ಮನೆಯಲ್ಲಿ ಕೆಮ್ಮುವ ಮಗುವೋ ಏದುಸಿರು ಬಿಡುವ ವೃದ್ಧರೋ ಇದ್ದರೆ ಇಂಥ ಭರವಸೆಗೆ ಮನಸ್ಸು ಸೋಲುವುದು ಸಹಜ. ಆದರೆ ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರು ಹಣ ಬಿಚ್ಚುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು. ಮನೆಯಲ್ಲಿ ನಾಳವಿದೆಯೇ? ಅದರಲ್ಲಿ ಕೊಳೆಯಿದೆಯೇ? ಇದ್ದರೆ ರೋಗಕ್ಕೆ ಆ ಕೊಳೆಯೇ ಕಾರಣವೇ?

ನಾಳವೆಲ್ಲಿದೆ?

ವಾಯುನಾಳವೆಂದರೆ ಒಂದೆಡೆ ತಂಪುಗೊಳಿಸಿದ ಅಥವಾ ಬಿಸಿಮಾಡಿದ ಗಾಳಿಯನ್ನು ಕೋಣೆಕೋಣೆಗೆ ಒಯ್ಯುವ ತಗಡಿನ ಕೊಳವೆ. ಅಮೆರಿಕದ ಮನೆಗಳಲ್ಲಿ ಇದು ಸರ್ವಸಾಮಾನ್ಯ. ಮುಂಬಯಿಯಲ್ಲಿ ಬ್ಯಾಂಕು, ಚಿತ್ರಮಂದಿರ, ಆಸ್ಪತ್ರೆ, ದೊಡ್ಡ ಕಚೇರಿಗಳಲ್ಲಿ ಇಂಥ ನಾಳಗಳುಂಟು. ಕೆಲವು ಹೊಸ ವೈಭವದ ಫ್ಲ್ಯಾಟುಗಳಲ್ಲಿ ಸುಳ್ಳುಛಾವಣಿಯ ಮೇಲೆ ಅಡಗಿಸಿಟ್ಟದ್ದೂ ಉಂಟು. ಆದರೆ ಪಾರ್ಲೆಯ ಸಾಧಾರಣ ಮನೆಯಲ್ಲಿರುವುದು ಕಿಟಕಿಗೆ ಕೂರಿಸಿದ ಯಂತ್ರ ಅಥವಾ ಗೋಡೆಯ ಮೇಲಿನ ಸ್ಪ್ಲಿಟ್ ಯಂತ್ರ. ಸ್ಪ್ಲಿಟ್ ಯಂತ್ರದ ಒಳಭಾಗಕ್ಕೂ ಹೊರಭಾಗಕ್ಕೂ ನಡುವೆ ಹಾದುಹೋಗುವ ತಾಮ್ರದ ಕೊಳವೆಯಲ್ಲಿ ಹರಿಯುವುದು ತಂಪುಕಾರಕ ದ್ರವ್ಯ. ಮನೆಯ ಗಾಳಿ ಅದರೊಳಗೆ ಪ್ರವೇಶಿಸುವುದೇ ಇಲ್ಲ. ಹಾಗಾಗಿ ಬಹುತೇಕ ಓದುಗರಿಗೆ ಮೊದಲ ಪ್ರಶ್ನೆಯಲ್ಲಿಯೇ ಉತ್ತರ ದೊರೆಯಿತು: ಇಲ್ಲದ ನಾಳಕ್ಕೆ ಶುದ್ಧಿಯ ಖರ್ಚು ಬೇಡ.

ನಾಳವಿರುವ ದೇಶದ ಅನುಭವವೂ ತಿಳಿದಿರಬೇಕಾದದ್ದೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1997ರಲ್ಲಿ ಈ ವಿಷಯವಾಗಿಯೇ ಗೃಹಸ್ಥರಿಗೆಂದು ಒಂದು ಪುಸ್ತಿಕೆಯನ್ನು ಪ್ರಕಟಿಸಿತು. ಒಂದು ಮನೆಯ ವ್ಯವಸ್ಥೆಯನ್ನು ಶುದ್ಧಮಾಡಿಸಲು ಆಗ ಅಲ್ಲಿ ತಗಲುತ್ತಿದ್ದ ವೆಚ್ಚ ಸಾಮಾನ್ಯವಾಗಿ 450ರಿಂದ 1,000 ಡಾಲರು. ಅಷ್ಟು ಹಣ ತೆತ್ತು ನಾಳ ಶುದ್ಧಮಾಡಿಸಿದ್ದರಿಂದ ಆರೋಗ್ಯದ ತೊಂದರೆಗಳು ತಪ್ಪುತ್ತವೆಂಬುದು ಸಿದ್ಧಪಟ್ಟಿಲ್ಲವೆಂದು ಪುಸ್ತಿಕೆ ಸ್ಪಷ್ಟವಾಗಿ ಹೇಳಿತು. ಮೂರು ಸಂದರ್ಭಗಳಲ್ಲಿ ಶುದ್ಧಿಯ ಯೋಚನೆ ಮಾಡಬಹುದು: ಕಣ್ಣಿಗೆ ಕಾಣುವಷ್ಟು ಬೂಸು ಬೆಳೆದಿದ್ದರೆ, ಇಲಿ ಅಥವಾ ಕೀಟಗಳು ಸೇರಿದ್ದರೆ, ಧೂಳು ಕಟ್ಟಿಕೊಂಡು ಕೋಣೆಯೊಳಕ್ಕೆ ಉದುರುತ್ತಿದ್ದರೆ. ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಬೇಕೆಂಬ ಸಲಹೆಯನ್ನು ಅದು ಕೊಡಲಿಲ್ಲ. ನಾಳಗಳಲ್ಲಿ ಕ್ರಿಮಿನಾಶಕ ಸಿಂಪಡಿಸುವ ವಿಷಯದಲ್ಲಂತೂ ಎಚ್ಚರಿಕೆಯನ್ನೇ ನೀಡಿತು.

ಇಲ್ಲಿ ಕೆಲವರಿಗೆ 1976ರ ಫಿಲಡೆಲ್ಫಿಯಾದ ಘಟನೆ ನೆನಪಾಗಬಹುದು. ಅಲ್ಲಿಯ ಒಂದು ಹೋಟೆಲಿನಲ್ಲಿ ನಿವೃತ್ತ ಯೋಧರ ಸಮ್ಮೇಳನ ನಡೆದ ಬಳಿಕ ವಿಚಿತ್ರವಾದ ನ್ಯುಮೋನಿಯಾ ತಗಲಿ ಹಲವರು ಸತ್ತರು. ಮುಂದಿನ ಜನವರಿಯಲ್ಲಿ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾಯಿತು. ಲೀಜನೆಲ್ಲ ಎಂಬುದು ಅದರ ಹೆಸರು. ಆದರೆ ಅದು ನೀರಿನಲ್ಲಿ ಬೆಳೆಯುವ ಜೀವಿ. ದೊಡ್ಡ ಕಟ್ಟಡಗಳ ಶೀತಲಗೋಪುರಗಳಿಂದಲೂ ನೀರಿನ ವ್ಯವಸ್ಥೆಗಳಿಂದಲೂ ಸೂಕ್ಷ್ಮ ಹನಿಗಳ ಮೂಲಕ ಹರಡುವಂಥದು. ಮಲಗುವ ಕೋಣೆಯ ಸ್ಪ್ಲಿಟ್ ಯಂತ್ರಕ್ಕೆ ಇಂಥ ಗೋಪುರವಿಲ್ಲ. ಆ ಹೆದರಿಕೆಯನ್ನು ಮನೆಯೊಳಕ್ಕೆ ತರುವ ಕಾರಣವೂ ಇಲ್ಲ.

ಕೊಳೆಯಿರುವ ಸ್ಥಳ

ಹಾಗೆಂದು ಯಂತ್ರಕ್ಕೆ ಕೈಹಚ್ಚಲೇಬಾರದೆಂದು ಅರ್ಥವಲ್ಲ. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಆಧುನಿಕ ಹವಾನಿಯಂತ್ರಣವನ್ನು ರೂಪಿಸಿದಾಗ ಅವನ ಉದ್ದೇಶ ಗಾಳಿಯ ತೇವವನ್ನು ಹತೋಟಿಯಲ್ಲಿಡುವುದಾಗಿತ್ತು. ತೇವದಿಂದ ಕಾಗದ ಉಬ್ಬಿ ಬಣ್ಣಗಳು ಕದಲುತ್ತಿದ್ದುವು. ಇಂದಿನ ಯಂತ್ರವೂ ಗಾಳಿಯಿಂದ ತೇವ ಹಿಂಡುತ್ತದೆ. ಆ ನೀರು ತಂಪಾದ ಸುರುಳಿಯ ಮೇಲೆ ಇಳಿದು, ಕೆಳಗಿನ ತಟ್ಟೆಗೆ ಬಿದ್ದು, ಕೊಳವೆಯ ಮೂಲಕ ಹೊರಹೋಗುತ್ತದೆ. ಧೂಳು, ತೇವ, ಕತ್ತಲೆ ಈ ಮೂರೂ ಒಂದೆಡೆ ಕೂಡಿದರೆ ಬೂಸಿಗೆ ಬೇರೆ ಆಮಂತ್ರಣ ಬೇಕೆ? ಮಳೆಗಾಲದ ಬಳಿಕ ಯಂತ್ರ ಹಚ್ಚಿದೊಡನೆ ಬರುವ ಹಳಸಲು ವಾಸನೆಯ ಮೂಲ ಹೆಚ್ಚಾಗಿ ಇದೇ.

ಆದುದರಿಂದ ಶುದ್ಧಿಮಾಡಬೇಕಾದ ಭಾಗಗಳು ಮೂರು. ಮೊದಲನೆಯದು ಜಾಲರಿ, ಅಂದರೆ ಫಿಲ್ಟರ್. ಯಂತ್ರ ದಿನವೂ ನಡೆಯುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಮುಚ್ಚಳ ತೆರೆದು, ಜಾಲರಿಯನ್ನು ನಲ್ಲಿಯ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಮರಳಿ ಕೂರಿಸಬೇಕು. ಇದಕ್ಕೆ ಕುಶಲಕರ್ಮಿಯ ಅಗತ್ಯವಿಲ್ಲ. ಶಾಲೆಗೆ ಹೋಗುವ ಹುಡುಗನೂ ಮಾಡಬಲ್ಲ. ಕಟ್ಟಿಕೊಂಡ ಜಾಲರಿಯನ್ನು ಚೊಕ್ಕಟಗೊಳಿಸಿದರೆ ಯಂತ್ರದ ವಿದ್ಯುತ್ತಿನಲ್ಲಿ ಶೇಕಡಾ 5ರಿಂದ 15ರವರೆಗೆ ಉಳಿತಾಯವಾಗಬಹುದೆಂದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಎರಡನೆಯದು ಸುರುಳಿ, ಮೂರನೆಯದು ನೀರಿನ ತಟ್ಟೆ ಮತ್ತು ಅದರ ಕೊಳವೆ. ಇವೆರಡನ್ನು ಬಲ್ಲ ಕೆಲಸಗಾರನಿಂದ ವರ್ಷಕ್ಕೊಮ್ಮೆ, ಬೇಸಗೆಗೆ ಮುನ್ನ, ವಿದ್ಯುತ್ ಸಂಪರ್ಕ ತೆಗೆಸಿ ತೊಳೆಸಿದರೆ ಸಾಕು. ಸುಗಂಧದ್ರವ್ಯ, ಕ್ರಿಮಿನಾಶಕ ಎಂದು ಬಿಲ್ಲಿನಲ್ಲಿ ಸೇರುವ ಹೆಚ್ಚಿನ ಬಾಬುಗಳಿಗೆ ಒಪ್ಪಿಗೆ ಕೊಡಬೇಕಾದುದಿಲ್ಲ.

ತೇವದ ಅಪಾಯ ಎಷ್ಟೆಂಬುದಕ್ಕೆ ಭಾರತದ್ದೇ ನಿದರ್ಶನವಿದೆ. ಶ್ವಾಸಕೋಶದ ಅಂಗಾಂಶ ಗಡುಸಾಗುವ ರೋಗಗಳ ಬಗೆಗೆ ದೇಶದ 19 ನಗರಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,084 ರೋಗಿಗಳ ಪೈಕಿ ಅರ್ಧದ ಸಮೀಪದವರಿಗೆ ಇದ್ದದ್ದು ಉಸಿರಿನೊಡನೆ ಒಳಹೊಕ್ಕ ಕಣಗಳಿಗೆ ಶ್ವಾಸಕೋಶ ಅತಿಯಾಗಿ ಪ್ರತಿಕ್ರಿಯಿಸುವುದರಿಂದ ಬರುವ ರೋಗ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ನೀರಿನಿಂದ ತಂಪುಮಾಡುವ ಕೂಲರುಗಳನ್ನು ಬಳಸುತ್ತಿದ್ದವರು. ಕೂಲರಿನ ಹುಲ್ಲು ಸದಾ ಒದ್ದೆಯಾಗಿರುವುದರಿಂದ ಅಲ್ಲಿ ಬೂಸು ಸುಲಭವಾಗಿ ಬೆಳೆಯುತ್ತದೆ. ಕೂಲರ್ ಇರುವ ಮನೆಯವರು ನೀರನ್ನು ಆಗಾಗ ಚೆಲ್ಲಿ ಒಣಗಿಸುವುದು, ಹುಲ್ಲನ್ನು ಪ್ರತಿವರ್ಷ ಬದಲಿಸುವುದು ಅತ್ಯವಶ್ಯ.

ಇದೇ ಬಗೆಯ ರೋಗಕ್ಕೆ ಇನ್ನೊಂದು ಕಾರಣ ಪಾರಿವಾಳ. ಯಂತ್ರದ ಹೊರಭಾಗವನ್ನಿಡುವ ಕಟ್ಟೆ, ಕಿಟಕಿಯ ಯಂತ್ರಕ್ಕೂ ಗ್ರಿಲ್ಲಿಗೂ ನಡುವಿನ ಸಂದು ಅದಕ್ಕೆ ಗೂಡುಕಟ್ಟಲು ಅನುಕೂಲವಾದ ಸ್ಥಳ. ಒಣಗಿದ ಹಿಕ್ಕೆಯೂ ಗರಿಯ ಪುಡಿಯೂ ಗಾಳಿಯೊಡನೆ ಒಳಬರುತ್ತವೆ. ದೀರ್ಘಕಾಲ ಸೇವಿಸಿದವರಲ್ಲಿ ಕೆಲವರಿಗೆ ಶ್ವಾಸಕೋಶಕ್ಕೆ ಮರಳಿ ಸರಿಪಡದ ಹಾನಿಯಾಗುತ್ತದೆ. 2025ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರ ಮುಂಬಯಿಯ 51 ಕಬೂತರ್‌ಖಾನೆಗಳನ್ನು ಮುಚ್ಚಲು ಪಾಲಿಕೆಗೆ ಸೂಚಿಸಿದಾಗ ಈ ಮಾತು ಊರೆಲ್ಲ ಚರ್ಚೆಯಾಯಿತು. ಧರ್ಮದ ದೃಷ್ಟಿಯಿಂದ ಕಾಳು ಹಾಕುವವರ ಭಾವನೆ ಏನೇ ಇರಲಿ, ಮಲಗುವ ಕೋಣೆಯ ಕಿಟಕಿಗೆ ಬಲೆ ಕಟ್ಟಿಸುವುದು ಪ್ರತಿಯೊಬ್ಬನ ಕೈಯಲ್ಲಿದೆ. ಒಣ ಹಿಕ್ಕೆಯನ್ನು ಗುಡಿಸದೆ, ಮೂಗುಬಾಯಿಗೆ ಮುಸುಕು ಧರಿಸಿ, ನೀರು ಚಿಮುಕಿಸಿ ಒದ್ದೆಮಾಡಿಯೇ ತೆಗೆಯಬೇಕು.

ಹೊಗೆಯ ತವರು ಮನೆಯೊಳಗೇ

ಸ್ಪ್ಲಿಟ್ ಯಂತ್ರ ಹೊಸ ಗಾಳಿಯನ್ನು ಒಳತರುವುದಿಲ್ಲವೆಂಬುದು ಅನೇಕರಿಗೆ ತಿಳಿಯದ ಸಂಗತಿ. ಅದು ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಂಪುಮಾಡಿ ತಿರುಗಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಏನನ್ನು ಸುಟ್ಟರೂ ಅದರ ಹೊಗೆ ಅಲ್ಲಿಯೇ ಸುತ್ತುತ್ತಿರುತ್ತದೆ. 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ ಒಂದೇ ಒಂದು ಸೊಳ್ಳೆಬತ್ತಿಯ ಸುರುಳಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಹೊರಬಿಡಬಲ್ಲುದು. ಸಾವಿರಾರು ರೂಪಾಯಿ ತೆತ್ತು ಯಂತ್ರ ತೊಳೆಸಿ, ಆ ರಾತ್ರಿಯೇ ಬಾಗಿಲುಮುಚ್ಚಿ ಸೊಳ್ಳೆಬತ್ತಿ ಹಚ್ಚುವುದು ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಸೊಳ್ಳೆಪರದೆ ಇದಕ್ಕಿಂತ ಅಗ್ಗ, ಇದಕ್ಕಿಂತ ನಿರಪಾಯ. ಊದುಬತ್ತಿಯನ್ನು ಕಿಟಕಿ ತೆರೆದಿಟ್ಟು ಹಚ್ಚಿದರೆ ದೇವರ ಪೂಜೆಗೇನೂ ಲೋಪವಾಗದು. ಒಗ್ಗರಣೆಯ ಹೊತ್ತಿಗೆ ಅಡುಗೆಮನೆಯ ಹೊರದೂಡುವ ಫ್ಯಾನು ತಿರುಗುತ್ತಿರಲಿ.

ಹೊರಗಿನ ಧೂಳಿಗೂ ಉಪಾಯವಿಲ್ಲದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತಿಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಸೂಚಿಸಿತು. ಭಾರತದಲ್ಲಿ 2009ರಲ್ಲಿ ಗೊತ್ತುಮಾಡಿದ ಮಿತಿ 40. ಇಷ್ಟು ಸೂಕ್ಷ್ಮ ಕಣಗಳನ್ನು ಯಂತ್ರದ ಸಾಧಾರಣ ಜಾಲರಿ ಹಿಡಿಯಲಾರದು; ಮೂಲದಲ್ಲಿಯೇ ಅವನ್ನು ತಡೆಯಬೇಕು. 2023ರ ಅಕ್ಟೋಬರಿನಲ್ಲಿ ಮುಂಬಯಿ ಮಹಾನಗರಪಾಲಿಕೆ ಕಟ್ಟಡದ ಕಾಮಗಾರಿಗಳಿಗೆ ನಿಯಮಗಳನ್ನು ವಿಧಿಸಿತು: ಒಂದು ಎಕರೆಗಿಂತ ದೊಡ್ಡ ನಿವೇಶನಕ್ಕೆ 35 ಅಡಿ, ಚಿಕ್ಕದಕ್ಕೆ 25 ಅಡಿ ಎತ್ತರದ ತಗಡಿನ ಆವರಣ, ಕೆಡಹುವ ಕಟ್ಟಡಕ್ಕೆ ಒದ್ದೆ ಹೊದಿಕೆ, ನೀರಿನ ಸಿಂಪಡಣೆ. ಪಕ್ಕದ ಕಾಮಗಾರಿಯಲ್ಲಿ ಇವು ಪಾಲನೆಯಾಗದಿದ್ದರೆ ಸೊಸೈಟಿಯ ಕಾರ್ಯದರ್ಶಿ ವಾರ್ಡ್ ಕಚೇರಿಗೆ ಬರೆಯುವ ಒಂದು ಪತ್ರದ ಪ್ರಯೋಜನ ಕಟ್ಟಡದ ಎಲ್ಲ ಮನೆಗಳಿಗೂ ಸಲ್ಲುತ್ತದೆ.

ಶುದ್ಧಿ ಕಡ್ಡಾಯವಾದ ನಾಳ

ನಾಳವನ್ನು ತಪ್ಪದೆ ಶುದ್ಧಿಮಾಡಲೇಬೇಕಾದ ಒಂದು ಸ್ಥಳವುಂಟು, ಅದು ಕನ್ನಡಿಗರಿಗೆ ಅಪರಿಚಿತವಲ್ಲ: ಹೋಟೆಲಿನ ಅಡುಗೆಮನೆ. ದೋಸೆಕಾವಲಿಯ, ವಡೆಬಾಣಲೆಯ ಹಬೆಯನ್ನು ಹೊರಗೊಯ್ಯುವ ನಾಳದ ಒಳಮೈಗೆ ಎಣ್ಣೆಯ ಜಿಡ್ಡು ಪದರುಪದರಾಗಿ ಅಂಟುತ್ತದೆ. ಕಾವಲಿಯಿಂದೆದ್ದ ಒಂದು ಜ್ವಾಲೆ ಅದಕ್ಕೆ ತಾಗಿದರೆ ಬೆಂಕಿ ನಾಳದುದ್ದಕ್ಕೂ ಓಡಿ ಮೇಲಿನ ಮಹಡಿಗಳನ್ನು ಮುಟ್ಟಬಹುದು. ಮಹಾರಾಷ್ಟ್ರದ 2006ರ ಅಗ್ನಿ ನಿರೋಧಕ ಕಾಯಿದೆಯಂತೆ ಅಗ್ನಿಶಾಮಕ ಸಾಧನಗಳು ಸುಸ್ಥಿತಿಯಲ್ಲಿವೆಯೆಂಬ ಪ್ರಮಾಣಪತ್ರವನ್ನು ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಸಲ್ಲಿಸಬೇಕು. ಆದರೆ ಬೆಂಕಿಗೆ ಆಹಾರವಾಗುವ ಜಿಡ್ಡನ್ನು ತೆಗೆಯುವುದು ಮಾಲಿಕನ ದಿನನಿತ್ಯದ ಜಾಗರೂಕತೆಗೆ ಸೇರಿದ್ದು. ಇಲ್ಲಿ ಮಾಡಿದ ವೆಚ್ಚವನ್ನು ವಿಮೆಯ ಕಂತಿನಂತೆ ಭಾವಿಸಬೇಕು. ಅಲ್ಲಿ ದುಡಿಯುವವರ ಜೀವ ಅದರಲ್ಲಿ ಅಡಗಿದೆ.

ಕೆಮ್ಮಿನ ಮಾತು

ಕಡೆಯದಾಗಿ ಮೂರನೆಯ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಿಡದಿದ್ದರೆ, ಯಂತ್ರವನ್ನು ದೂರಿ ಅದರ ಶುದ್ಧಿಗೆ ಕಾದು ಕೂರುವುದರಲ್ಲಿ ನಿಜವಾದ ಅಪಾಯವಿದೆ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮಾಡಿಸಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ಸೂಚನೆ. ಕ್ಷಯ ಹರಡುವುದು ಗಾಳಿಯಾಡದ ಕೋಣೆಯಲ್ಲಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಂತೆ ಹಲವರು ಒತ್ತಾಗಿ ಮಲಗುವಲ್ಲಿ. ಹೋಟೆಲಿನ ಕೆಲಸಕ್ಕೆಂದು ಊರಿನಿಂದ ಬಂದ ಹುಡುಗರು ಇರುವ ಕೋಣೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರಕಾರಿ ಹಾಗೂ ಪಾಲಿಕೆಯ ಆರೋಗ್ಯಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಪುಕ್ಕಟೆ. ಚಿಕಿತ್ಸೆಯ ಕಾಲದಲ್ಲಿ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ 2018ರಲ್ಲಿ ಆರಂಭವಾಗಿ, 2024ರ ನವೆಂಬರಿನಿಂದ ಆ ಮೊತ್ತ 1,000ಕ್ಕೆ ಏರಿತು. ಆಸ್ತಮಾದವರಿಗೂ ಇದೇ ಮಾತು ಅನ್ವಯಿಸುತ್ತದೆ: ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ದುಬಾರಿಯೆಂದು ಬಿಟ್ಟು ಆ ಹಣವನ್ನು ಯಂತ್ರದ ಶುದ್ಧಿಗೆ ಸುರಿಯುವುದು ಜಾಣತನವಲ್ಲ.

ಹೀಗೆ ಜಮಾ-ಖರ್ಚನ್ನು ಕೂಡಿಸಿ ನೋಡಿದರೆ ಮನೆಯ ಗಾಳಿಯ ಶುದ್ಧಿಗೆ ಬೇಕಾದುದರಲ್ಲಿ ಹೆಚ್ಚಿನ ಪಾಲು ಹಣವಿಲ್ಲದೆ ನಡೆಯುವಂಥದು. ಜಾಲರಿಯನ್ನು ಮನೆಯವರೇ ತೊಳೆಯಲಿ. ವರ್ಷಕ್ಕೊಮ್ಮೆ ಸುರುಳಿ ಮತ್ತು ತಟ್ಟೆಯನ್ನು ತೊಳೆಸಲಿ. ಕಿಟಕಿಯ ಹೊರಗೆ ಬಲೆ, ಒಳಗೆ ಸೊಳ್ಳೆಪರದೆ ಇರಲಿ. ರಸ್ತೆಯ ಸಂಚಾರವೂ ಕಾಮಗಾರಿಯ ಧೂಳೂ ಅಡಗಿರುವ ಹೊತ್ತು ನೋಡಿ ದಿನಕ್ಕೊಂದಷ್ಟು ಕಾಲ ಎದುರುಬದುರಿನ ಕಿಟಕಿಗಳನ್ನು ತೆರೆದಿಡಲಿ. ಇದರಿಂದ ಉಳಿಯುವ ಹಣ ಮನೆಯಲ್ಲಿ ಕೆಮ್ಮುವವರಿದ್ದರೆ ಅವರ ವೈದ್ಯಪರೀಕ್ಷೆಗೂ ಔಷಧಕ್ಕೂ ಮೊದಲು ಸಲ್ಲಲಿ.