ಮಧ್ಯಾಹ್ನ ಬಾಡಿದ ಜುಕಿನಿಗೆ ನೀರು ಹಾಕಬೇಕೇ?

ಏಪ್ರಿಲ್‌ನ ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರಿನ ಪುಲಿಕೇಶಿನಗರದ ತಾರಸಿಗಳಲ್ಲಿ ಜುಕಿನಿ ಗಿಡಗಳು ನಿಂತ ಸ್ಥಿತಿ ನೋಡಿದರೆ ಅಯ್ಯೋ ಅನಿಸುತ್ತದೆ. ಎಲೆಗಳೆಲ್ಲ ಜೋತುಬಿದ್ದಿರುತ್ತವೆ. ನೋಡಿದವರ ಕೈ ತಾನಾಗಿ ಬಕೆಟ್ಟಿನ ಕಡೆ ಹೋಗುತ್ತದೆ. ನೀರು ಸುರಿಯುವ ಮೊದಲು ಮಣ್ಣಿಗೆ ಎರಡಿಂಚು ಬೆರಳು ಇಳಿಸಿ. ಒಳಗೆ ತೇವ ತಾಗಿದರೆ ಬಕೆಟ್ ಕೆಳಗಿಟ್ಟು ಬನ್ನಿ.

ಜುಕಿನಿ ಕುಂಬಳದ ಕುಲದ್ದೇ. ಆದರೆ ಬಳ್ಳಿಯಾಗಿ ಹಬ್ಬದೆ ಪೊದೆಯ ಹಾಗೆ ಒಂದೇ ಕಡೆ ನಿಲ್ಲುತ್ತದೆ. ಜಾಗ ಕಡಿಮೆ ಇರುವ ತಾರಸಿಗೆ ಹೇಳಿ ಮಾಡಿಸಿದ ಗಿಡ. ಒಂದೊಂದು ಎಲೆಯೂ ಅಡಿ ಅಗಲಕ್ಕೆ ಬೆಳೆಯುವುದರಿಂದ ಬಿಸಿಲೇರಿದಾಗ ಬೇರು ಎಳೆದು ಕೊಡುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ. ಆಗ ಎಲೆ ಬಿಗಿ ಕಳೆದುಕೊಂಡು ಜೋಲುತ್ತದೆ, ಜೋತ ಎಲೆಗೆ ಬೀಳುವ ಬಿಸಿಲೂ ಕಡಿಮೆಯಾಗುತ್ತದೆ. ಸಂಜೆ ತಂಪಾದ ಮೇಲೆ ಗಿಡ ತಾನೇ ನೆಟ್ಟಗಾಗುತ್ತದೆ. ಹಾಗಾಗಿ ಗಿಡದ ಬಾಯಾರಿಕೆ ತಿಳಿಯಬೇಕಾದರೆ ಬೆಳಗ್ಗೆ ಏಳಕ್ಕೆ ನೋಡಬೇಕು. ಆ ಹೊತ್ತಿಗೂ ಬಾಡಿದ್ದು, ಮಣ್ಣೂ ಒಣಗಿದ್ದರೆ ತಕ್ಷಣ ನೀರು ಕೊಡಿ. ಬಾಡಿದೆ, ಆದರೆ ಮಣ್ಣು ಹಸಿಯಾಗಿದೆ ಎಂದಾದರೆ ಬೇರು ಕೊಳೆತಿರಬಹುದು. ಅದಕ್ಕೆ ಮತ್ತೆ ನೀರು ಕೊಟ್ಟರೆ ಗಿಡ ಬೇಗ ಸಾಯುತ್ತದೆ, ಅಷ್ಟೇ.

ಎಷ್ಟು ನೀರು ಬೇಕು ಎಂಬುದಕ್ಕೆ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬೆಂಗಳೂರಿನ ಬೇಸಿಗೆಯಲ್ಲಿ ಬೆಳೆದ ಪೈರು ದಿನಕ್ಕೆ ಐದು ಮಿಲಿಮೀಟರ್ ಆಸುಪಾಸು ನೀರು ಕಳೆದುಕೊಳ್ಳುತ್ತದೆ. ತುಂಬಿ ಬೆಳೆದ ಜುಕಿನಿ ಒಂದು ಮೀಟರ್‌ನಷ್ಟು ಅಗಲ ಹರಡಿಕೊಂಡಿದ್ದರೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ಬೇಕಾಯಿತು. ಈಗ ಚೀಲದ ಕಡೆ ನೋಡಿ. 15 ಇಂಚು ಅಗಲ, 15 ಇಂಚು ಎತ್ತರದ ಗ್ರೋ ಬ್ಯಾಗಿನಲ್ಲಿ 40 ಲೀಟರ್ ಚಿಲ್ಲರೆ ಮಣ್ಣು ಹಿಡಿಯುತ್ತದೆ. ಅದರಿಂದ ಗಿಡ ಹೀರಿಕೊಳ್ಳಬಹುದಾದ ನೀರು ಏಳೆಂಟು ಲೀಟರ್ ಇದ್ದರೆ ಹೆಚ್ಚು. ಎರಡು ದಿನಕ್ಕೆ ಖಾಲಿ. ನೆಲದಲ್ಲಿ ನೆಟ್ಟ ಗಿಡವಾದರೆ ಬೇರು ಆಳಕ್ಕಿಳಿದು ಹುಡುಕಿಕೊಳ್ಳುತ್ತದೆ. ಅದಕ್ಕೆ ವಾರಕ್ಕೆ ಎರಡು ಮೂರು ಸಲ ಚೆನ್ನಾಗಿ ನೆನೆಸಿದರೆ ಸಾಕು. ಪುಲಿಕೇಶಿನಗರದಲ್ಲಿ ಹಿಂದೆ ಅಂಥ ನೆಲವೂ ಇತ್ತು. ಊರಿನ ಪ್ಲೇಗ್ ಕಳೆದ ಮೇಲೆ, 20ನೇ ಶತಮಾನದ ಮೊದಲ ದಶಕದಲ್ಲಿ ಫ್ರೇಜರ್ ಟೌನ್ ಎಂದು ಕಟ್ಟಿದ ಬಡಾವಣೆ ಅದು. ಆಗಿನ ಬಂಗಲೆಗಳಿಗೆ ಕಾಂಪೌಂಡಿನೊಳಗೆ ತೋಟಕ್ಕೆ ಜಾಗವಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದ್ದರೆ ತಾರಸಿಯೇ ಗತಿ.

ಚೀಲಕ್ಕೆ ನೀರು ಹಾಕುವುದರಲ್ಲೂ ಒಂದು ಮೋಸವಿದೆ. ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು ಪೂರ್ತಿ ಒಣಗಿತೆಂದರೆ ನೀರನ್ನೇ ಹಿಡಿಯುವುದಿಲ್ಲ. ಮಣ್ಣು ಕುಗ್ಗಿ ಅಂಚಿನಲ್ಲಿ ಬಿಟ್ಟ ಸಂದಿಯಿಂದ ಸುರಿದದ್ದೆಲ್ಲ ಕೆಳಗಿಳಿದು ತಾರಸಿ ಒದ್ದೆಯಾಗುತ್ತದೆ, ಬೇರು ಒಣಗಿಯೇ ಇರುತ್ತದೆ. ತೂತಿನಿಂದ ನೀರು ಬಂತು, ಸಾಕು ಎಂದು ನಾವು ಹೊರಟುಬಿಡುತ್ತೇವೆ. ಮೊದಲು ಒಂದು ಚೊಂಬು ಹಾಕಿ, ಹತ್ತು ನಿಮಿಷ ಬಿಟ್ಟು ಉಳಿದದ್ದನ್ನು ನಿಧಾನವಾಗಿ ಹಾಕಿದರೆ ಮಣ್ಣು ಉಬ್ಬಿ ನೀರನ್ನು ಹಿಡಿದುಕೊಳ್ಳುತ್ತದೆ. ಮೇಲೆ ಎರಡು ಮೂರಿಂಚು ಒಣಗಿದ ಎಲೆ ಹೊದಿಸಿ. ರಸ್ತೆಬದಿಯ ಮರಗಳು ಅದನ್ನು ಬಿಟ್ಟಿಯಾಗಿ ಕೊಡುತ್ತವೆ. ಕಾದ ಕಾಂಕ್ರೀಟಿನ ಮೇಲೆ ನೇರ ಇಡದೆ ಚೀಲದಡಿ ಇಟ್ಟಿಗೆ ಕೊಟ್ಟರೆ ಬೇರಿಗೆ ಕಾವು ತಗಲುವುದು ತಪ್ಪುತ್ತದೆ.

ನೀರು ಎಲ್ಲಿಂದ ತರುವುದು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಜುಕಿನಿಗೆ ಬಾಯಾರುವ ತಿಂಗಳುಗಳಲ್ಲೇ ಕಾವೇರಿ ನಲ್ಲಿಗೆ ಕಾವಲು. ನ್ಯಾಯವೇ ಬಿಡಿ, ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ಮೇಲೆತ್ತಿದ ನೀರು ಅದು.

ಉಪಾಯ ಅಡುಗೆಮನೆಯಲ್ಲೇ ಇದೆ. ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರು ಕೊಡುವಷ್ಟರಲ್ಲಿ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಅದರಲ್ಲಿ ಉಪ್ಪಿನಂಶ ಹೆಚ್ಚು ಎಂದು ಗಿಡಕ್ಕೆ ಹಾಕಲು ಹೆದರುವವರುಂಟು. ಬೀನ್ಸಿನ ವಿಷಯದಲ್ಲಿ ಆ ಹೆದರಿಕೆ ಸರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೀರಾವರಿ ಕೈಪಿಡಿಯ ಪ್ರಕಾರ ಮಣ್ಣಿನ ಲವಣದ ಅಳತೆ ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದರೆ ಬೀನ್ಸ್ ಇಳುವರಿ ಕುಸಿಯತೊಡಗುತ್ತದೆ. ಸೌತೆ 2.5ರವರೆಗೆ ತಾಳುತ್ತದೆ, ಜುಕಿನಿ 4.7ರವರೆಗೆ. ಅಂದರೆ ಆರ್‌ಒ ನೀರಿಗೆ ಮೊದಲ ಹಕ್ಕುದಾರ ಜುಕಿನಿಯೇ. ಚೀಲದ ಅಂಚಿನಲ್ಲಿ ಬಿಳಿ ಪೊರೆ ಕಾಣತೊಡಗಿದಾಗ ಮಾತ್ರ ಅಕ್ಕಿ, ಬೇಳೆ ತೊಳೆದ ನೀರನ್ನೋ ಎಸಿಯಿಂದ ತೊಟ್ಟಿಕ್ಕಿದ ನೀರನ್ನೋ ತೂತಿನಿಂದ ಹೊರಬರುವಷ್ಟು ಹಾಕಿ ಉಪ್ಪನ್ನು ತೊಳೆದು ಕಳಿಸಬೇಕು. ವಾಷಿಂಗ್ ಮೆಷಿನ್ನಿನ ಸೋಪು ನೀರು ಬೇಡ.

ಎರಡು ದಿನ ಊರಿಗೆ ಹೋಗುವವರು ಪಕ್ಕದ ಪಾಟರಿ ಟೌನಿಗೆ ಹೋಗಿ ಬಣ್ಣ ಬಳಿಯದ ಎರಡು ಲೀಟರಿನ ಸಣ್ಣ ಮಡಕೆ ತರಬಹುದು. ಅದನ್ನು ಕತ್ತಿನವರೆಗೆ ಮಣ್ಣಲ್ಲಿ ಹೂತು ನೀರು ತುಂಬಿಡಿ. ಸುತ್ತಲ ಮಣ್ಣು ಒಣಗಿದಂತೆ ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಒಸರುತ್ತದೆ. ಮಣ್ಣು ಹಸಿಯಾಗಿದ್ದರೆ ಒಸರುವುದು ತೀರ ಕಡಿಮೆಯಾಗುತ್ತದೆ. ಬೀಜ ಬಿತ್ತುವಾಗಲೇ ಇದನ್ನು ಹೂಳಬೇಕು, ಆಮೇಲೆ ಅಗೆದರೆ ಬೇರು ಹರಿಯುತ್ತದೆ. ಬಾಯಿಗೆ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ದೊಡ್ಡ ಗಿಡಕ್ಕೆ ಇದೊಂದೇ ಸಾಲದು, ಹೊರಡುವ ಬೆಳಗ್ಗೆ ಚೀಲವನ್ನೂ ತುಂಬ ನೆನೆಸಿ ನೆರಳಿಗೆ ಸರಿಸಿ.

ನೀರಿನ ಹೆಚ್ಚುಕಡಿಮೆ ಕಾಯಿಯಲ್ಲಿ ಬರೆದಿರುತ್ತದೆ. ಎಳೆಗಾಯಿಯ ತುದಿ ಕಪ್ಪಾಗಿ ಮೆತ್ತಗಾದರೆ ಹೆಚ್ಚಿನ ಸಲ ಕಾರಣ ಸುಣ್ಣದ ಅಂಶ ಅಲ್ಲಿಗೆ ತಲುಪದಿರುವುದು. ಅದು ಹೋಗುವುದು ನೀರಿನ ಜೊತೆಯಲ್ಲೇ. ನಾಲ್ಕು ದಿನ ಒಣಗಿಸಿ ಐದನೇ ದಿನ ಮುಳುಗಿಸುವ ಮನೆಯಲ್ಲಿ ಮಣ್ಣಿಗೆ ಎಷ್ಟು ಮೊಟ್ಟೆಚಿಪ್ಪು ಹಾಕಿದರೂ ಫಲವಿಲ್ಲ. ಆದರೆ ಬೆರಳಷ್ಟಿರುವಾಗಲೇ ಕಾಯಿ ಹಳದಿಯಾಗಿ ಮುರುಟಿಕೊಂಡರೆ ಸಾಮಾನ್ಯವಾಗಿ ಅದು ನೀರಿನ ತಪ್ಪಲ್ಲ, ಪರಾಗ ಸಿಕ್ಕಿಲ್ಲ. ಹೂ ಬೆಳಗಿನ ಜಾವ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಜೇನು ಸುಳಿಯದ ಮಹಡಿಯಲ್ಲಿ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರುವ ಕೆಲಸ ನಿಮ್ಮದೇ. ಅದೇ ಹೊತ್ತಿಗೆ ಪೈಪು ಹಿಡಿದು ಮೇಲಿಂದ ಚಿಮುಕಿಸಿದರೆ ಪರಾಗ ಹಾಳು. ಬುಡಕ್ಕಷ್ಟೇ ನೀರು ಹಾಕಿ.

ಎಲೆ ನೆನೆದು ರಾತ್ರಿಯಿಡೀ ಒದ್ದೆಯಾಗಿದ್ದರೆ ಬೂಜು ತುಪ್ಪಟ ರೋಗಕ್ಕೆ ಆಹ್ವಾನ. ಹಿಟ್ಟು ಉದುರಿಸಿದಂತೆ ಕಾಣುವ ಬೂದಿ ರೋಗದ ಕಥೆ ಬೇರೆ. ಅದು ಎಲೆ ಒಣಗಿದ್ದರೂ ಬರುತ್ತದೆ, ಗಾಳಿಯಾಡದ ನೆರಳು ಅದಕ್ಕೆ ಇಷ್ಟ. ಕೆಲವು ತಳಿಗಳ ಎಲೆಯಲ್ಲಿ ನರಗಳ ಸಂದಿನಲ್ಲಿ ಬೆಳ್ಳಿಬಣ್ಣದ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಒರೆಸಿದರೆ ಹೋಗದ ಅದಕ್ಕೆ ಔಷಧ ಹೊಡೆಯಬೇಡಿ.

ಕಾಯಿ ಆರೇಳು ಇಂಚು ಆದಾಗಲೇ ಕೊಯ್ದು ತೊವ್ವೆಗೆ ಹಾಕಿ. ಗಿಡದಲ್ಲೇ ಬಲಿಯಲು ಬಿಟ್ಟರೆ ನೀರೆಲ್ಲ ಅದಕ್ಕೇ ಹೋಗಿ ಹೊಸ ಹೂ ಕಡಿಮೆಯಾಗುತ್ತದೆ. ಮೇ ತಿಂಗಳ ಗುಡುಗು ಮಳೆ ಜೋರಾಗಿ ಹೊಡೆದ ಮರುದಿನ ನೀರು ಹಾಕುವ ಬದಲು ಚೀಲದ ತೂತು ಕಟ್ಟಿದೆಯೇ ಎಂದು ಒಂದು ಕಡ್ಡಿ ಹಾಕಿ ನೋಡಿ.